ಎಣ್ಣೆ, ಬೆಳ್ಳುಳ್ಳಿ, ಶೆಟ್ಲಿ: ಕಾರವಾರದ ಒಲೆಯಲ್ಲಿ ಸ್ಪೇನಿನ ತಾಪಾಸ್

ಹದಿನಾಲ್ಕು ವರ್ಷ ಸರಕು ಹಡಗುಗಳಲ್ಲಿ ಭಂಡಾರಿಯಾಗಿ ಅಡುಗೆ ಮಾಡಿದ್ದೇನೆ. ದಕ್ಷಿಣ ಸ್ಪೇನಿನ ಕಾದಿಸ್ ಊರಿನ ಪಾನಗೃಹವೊಂದರಲ್ಲಿ ಅಂಗೈಯಗಲದ ಮಣ್ಣಿನ ಬೋಗುಣಿಯೊಂದನ್ನು ತಂದು ನನ್ನ ಮುಂದಿಟ್ಟಾಗ ಎಣ್ಣೆ ಇನ್ನೂ ಚಿಟಪಟ ಎನ್ನುತ್ತಿತ್ತು. ಒಳಗೆ ಸಿಗಡಿ, ಅಂದರೆ ನಮ್ಮ ಶೆಟ್ಲಿ. ಜೊತೆಗೆ ಎಣ್ಣೆ, ಬೆಳ್ಳುಳ್ಳಿ, ಒಣಮೆಣಸು, ಉಪ್ಪು; ಅಷ್ಟೇ. ಹೆಸರು ಗಾಂಬಾಸ್ ಅಲ್ ಅಹೀಯೊ. ಪಾನೀಯದ ಜೊತೆ ಕೊಡುವ ಇಂಥ ಸಣ್ಣ ತಟ್ಟೆಗಳೇ ತಾಪಾಸ್. ಮಸಾಲೆಯ ಮರೆ ಇಲ್ಲದ ಅಡುಗೆಯಾದ್ದರಿಂದ ಒಂದು ಸಾಮಗ್ರಿ ಕಳಪೆಯಾದರೂ ನಾಲಿಗೆ ಕೂಡಲೇ ಹಿಡಿಯುತ್ತದೆ.

ಹಣ ಸುರಿಯಬೇಕಾದದ್ದು ಆಲಿವ್ ಎಣ್ಣೆಗೆ. ಇಲ್ಲಿ ಎಣ್ಣೆಯೇ ಸಾರು. ಕೊನೆಗೆ ಪಾವ್ ಅದ್ದಿ ತಿನ್ನುವುದು ಅದನ್ನೇ. ಡಬ್ಬದ ಮೇಲೆ ‘ಪೊಮೇಸ್’ ಎಂದಿದ್ದರೆ ಕೊಳ್ಳಬೇಡಿ. ಕಾಯಿ ಅರೆದು ಎಣ್ಣೆ ತೆಗೆದ ಮೇಲೆ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದ ಎಣ್ಣೆ ಅದು. ‘ಎಕ್ಸ್‌ಟ್ರಾ ವರ್ಜಿನ್’ ಬೇಕು. ಹಾಯೆನ್ ಪ್ರಾಂತ್ಯದ ಪಿಕ್ವಾಲ್ ತಳಿಯದ್ದು ಗಂಟಲಲ್ಲಿ ಕಾಳುಮೆಣಸಿನಂತೆ ಕಚ್ಚುತ್ತದೆ, ಅರ್ಬೆಕೀನಾ ಸೌಮ್ಯ. ಶೆಟ್ಲಿಗೆ ನನ್ನ ಆಯ್ಕೆ ಪಿಕ್ವಾಲ್. ಬಾಟಲಿಯನ್ನು ಕತ್ತಲೆಯ ಕಪಾಟಿನಲ್ಲಿಡಿ. ನಮ್ಮ ಸೆಕೆಯಲ್ಲಿ ಒಲೆಯ ಪಕ್ಕ ಇಟ್ಟರೆ ಬೇಗ ಮುಗ್ಗುತ್ತದೆ. ಬದಲಿಗೆ ತೆಂಗಿನೆಣ್ಣೆ ಹಾಕಿದರೆ ಅದರ ಪರಿಮಳವೇ ಎಲ್ಲವನ್ನೂ ಆಳುತ್ತದೆ.

ಉಳಿದದ್ದೆಲ್ಲ ನಮ್ಮಲ್ಲೇ ಇದೆ. ಕಾದಿಸ್ ಕೊಲ್ಲಿಯಲ್ಲಿ ಉಪ್ಪಿನ ಗದ್ದೆಗಳನ್ನು ನೋಡಿದಾಗ ನನಗೆ ಗೋಕರ್ಣದ ಪಕ್ಕದ ಸಾಣಿಕಟ್ಟಾ ನೆನಪಾಗಿತ್ತು. ಸಾಣಿಕಟ್ಟಾದ ಹರಳುಪ್ಪನ್ನೇ ಕುಟ್ಟಿ ಬಳಸುತ್ತೇನೆ.

ಇಬ್ಬರಿಗೆ ಕಾಲು ಕಿಲೋ ಸುಲಿದ ಶೆಟ್ಲಿ ಸಾಕು. ಬೆನ್ನಿನ ಕಪ್ಪು ನರ ತೆಗೆದು, ತೊಳೆದು, ಬಟ್ಟೆಯಲ್ಲಿ ಒತ್ತಿ ನೀರಿನ ಪಸೆ ಹೋಗುವವರೆಗೆ ಒರೆಸಿ. ಒದ್ದೆಯಿದ್ದರೆ ಹುರಿಯುವುದಿಲ್ಲ, ಬೇಯುತ್ತದೆ. ತಣ್ಣನೆಯ ಬಾಣಲೆಗೆ 100 ಮಿಲಿಲೀಟರ್ ಎಣ್ಣೆ, ತೆಳ್ಳಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ ಹಾಕಿ, ಆಮೇಲೆ ಸಣ್ಣ ಉರಿ ಹಚ್ಚಿ. ಎಸಳಿನ ಸುತ್ತ ಸಣ್ಣ ಗುಳ್ಳೆ ಏಳುತ್ತದೆ, ಅಂಚು ಒಣಹುಲ್ಲಿನ ಬಣ್ಣಕ್ಕೆ ತಿರುಗುತ್ತದೆ. ಆ ಕ್ಷಣವೇ ಒಂದು ಬ್ಯಾಡಗಿ, ಒಂದು ಗುಂಟೂರು ಮೆಣಸು ಮುರಿದು ಹಾಕಿ, ಉರಿ ಏರಿಸಿ, ಶೆಟ್ಲಿ ಹರಡಿ, ಉಪ್ಪು ಉದುರಿಸಿ. ಬೆಳ್ಳುಳ್ಳಿ ಕಂದಾಗುವವರೆಗೆ ಕಾದರೆ ಎಣ್ಣೆಯೆಲ್ಲ ಕಹಿ. ಒಂದು ಬದಿಗೆ ಒಂದು ನಿಮಿಷ, ಇನ್ನೊಂದು ಬದಿಗೆ ಅರ್ಧ. ಸಣ್ಣ ಶೆಟ್ಲಿಯಾದರೆ ಅಷ್ಟೇ ಸಾಕು. ದೊಡ್ಡದಾದರೆ ಒಳಗಿನ ಮಾಂಸ ಬೆಳ್ಳಗಾಗುವವರೆಗೆ ಇನ್ನಷ್ಟು ಹೊತ್ತು ಬಿಡಿ. ಮೊದಲ ಸಲ ಮಾಡಿದಾಗ ಸೊಸೆ ತುರಿದ ಕಾಯಿಯ ಬಟ್ಟಲು ಹಿಡಿದು, “ಮಾವ, ಇದನ್ನು ಯಾವಾಗ ಹಾಕುವುದು?” ಎಂದು ಕೇಳಿದಳು. ತಿಂದ ಮೇಲೆ ಮತ್ತೆ ಕೇಳಲಿಲ್ಲ.

ತರಿಸಲೇಬೇಕಾದ ಇನ್ನೊಂದು ಪದಾರ್ಥ ಪಿಮೆಂತೋನ್, ಹೊಗೆಯಲ್ಲಿ ಒಣಗಿಸಿದ ಮೆಣಸಿನ ಪುಡಿ. ಸ್ಪೇನಿನ ಲಾ ವೇರಾ ಪ್ರದೇಶದಲ್ಲಿ ಕೊಯ್ಲಿನ ಹೊತ್ತಿಗೇ ಮಳೆ ಹಿಡಿಯುತ್ತದೆ, ಬಿಸಿಲನ್ನು ನಂಬುವಂತಿಲ್ಲ. ಹಾಗಾಗಿ ಓಕ್ ಕಟ್ಟಿಗೆಯ ಹೊಗೆಯಲ್ಲಿ ಹತ್ತು ಹದಿನೈದು ದಿನ, ಕೈಯಿಂದ ಮಗುಚುತ್ತಾ ಒಣಗಿಸುತ್ತಾರೆ. ಒಲೆಯ ಮೇಲಿನ ಅಟ್ಟವಿದ್ದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಹಿ, ನಡುವಿನದು, ಖಾರ ಎಂದು ಮೂರು ಬಗೆ, ಸಿಹಿಯದನ್ನು ತರಿಸಿ. ಬ್ಯಾಡಗಿ ಬಣ್ಣ ಕೊಡುತ್ತದೆ, ಹೊಗೆ ಕೊಡುವುದಿಲ್ಲ.

ಶೆರಿ ವೈನಿನಿಂದ ಮಾಡುವ ಸ್ಪೇನಿನ ಹೆರೆಸ್ ವಿನೆಗರ್ ಬೇಕಾದಲ್ಲಿ ಗೋವಾದ ತೆಂಗಿನ ಕಳ್ಳಿನ ವಿನೆಗರ್ ಒಗ್ಗುತ್ತದೆ. ಆಲೂಗಡ್ಡೆ ಮೊಟ್ಟೆಯ ತೋರ್ತೀಯಾಗೆ ಕುಮಟಾದ ಸಿಹಿ ಈರುಳ್ಳಿಗಿಂತ ಒಳ್ಳೆಯದನ್ನು ನಾನು ಸ್ಪೇನಿನಲ್ಲೂ ಕಂಡಿಲ್ಲ. ಹೆದ್ದಾರಿ ಬದಿಯಲ್ಲಿ ಜಡೆ ಕಟ್ಟಿ ತೂಗುಹಾಕುವ ಬೇಸಿಗೆಯಲ್ಲೇ ಕೊಂಡಿಡಿ.

ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಾರವಾರದ ಬೈತಖೋಲ ಬಂದರಿನಲ್ಲಿ ಲಂಗರು ಹಾಕಿರುತ್ತವೆ, ಒಳ್ಳೆಯ ಶೆಟ್ಲಿ ದುರ್ಲಭ. ಆಗ ಆಲೂಗಡ್ಡೆಯನ್ನು ಬೇಯಿಸಿ ಬಿಲ್ಲೆಗಳಾಗಿ ಹೆಚ್ಚಿ, ಬಿಸಿಯಿರುವಾಗಲೇ ಮೇಲೆ ಎಣ್ಣೆ ಸುರಿದು, ಹರಳುಪ್ಪು ಉದುರಿಸಿ, ಪಿಮೆಂತೋನ್ ಚಿಮುಕಿಸಿ. ಪುಡಿಯನ್ನು ಉರಿಯ ಮೇಲಿರುವ ಎಣ್ಣೆಗೆ ಹಾಕಬೇಡಿ, ಕ್ಷಣದಲ್ಲಿ ಸೀದುಹೋಗುತ್ತದೆ.