ತಪ್ಪು ಔಷಧದಿಂದ ಹಾನಿಯಾದರೆ ಪರಿಹಾರ ಕೇಳುವುದು ಹೇಗೆ?

ಕೊಟ್ಟ ಔಷಧವೇ ತಪ್ಪು ಎಂದು ಗೊತ್ತಾದಾಗ ಸಿಟ್ಟಿನಲ್ಲಿ ಮಾತ್ರೆಯನ್ನು ಕಸದ ಬುಟ್ಟಿಗೆ ಎಸೆಯುವವರಿದ್ದಾರೆ. ಔಷಧದಂಗಡಿಗೆ ಹೋಗಿ ಜಗಳವಾಡಿ, ಅದನ್ನು ಅಲ್ಲೇ ಬಿಸಾಕಿ ಬರುವವರೂ ಇದ್ದಾರೆ. ಇಬ್ಬರೂ ತಮ್ಮ ದೊಡ್ಡ ಸಾಕ್ಷಿಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಮೊದಲು ಜೀವ, ಆಮೇಲೆ ಕೇಸು. ತಕ್ಷಣ ವೈದ್ಯರೊಬ್ಬರಿಗೆ ತೋರಿಸಿ. ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ ನುಂಗಿದಿರಿ ಎಂದು ಬಿಡಿಸಿ ಹೇಳಿ. ಗಾಬರಿಯಲ್ಲಿ ಉಳಿದ ಔಷಧಗಳನ್ನೆಲ್ಲ ನೀವಾಗಿಯೇ ನಿಲ್ಲಿಸಬೇಡಿ. ಮೂರ್ಛೆರೋಗದ ಮಾತ್ರೆ, ಬಹಳ ದಿನದಿಂದ ತೆಗೆದುಕೊಳ್ಳುತ್ತಿರುವ ಸ್ಟೆರಾಯ್ಡ್ ಮುಂತಾದವನ್ನು ದಿಢೀರನೆ ಬಿಟ್ಟರೆ ಅದೇ ಅಪಾಯ. ನೀವು ಹೇಳಿದ್ದನ್ನು ಆ ವೈದ್ಯರು ಬರೆದುಕೊಂಡರೆ, ಘಟನೆ ಹಸಿಯಾಗಿರುವಾಗಲೇ ಒಂದು ದಾಖಲೆ ಸಿಕ್ಕಂತಾಯಿತು.

ಮುಂದಿನದು ಎತ್ತಿಡುವ ಕೆಲಸ. ಮಾತ್ರೆಯ ಸ್ಟ್ರಿಪ್, ಬಾಟಲಿ, ಲೇಬಲ್, ಬಿಲ್ಲು, ವೈದ್ಯರ ಚೀಟಿ ಎಲ್ಲವೂ ಬೇಕು. ಎಷ್ಟು ಮಾತ್ರೆ ಉಳಿದಿವೆ ಎಂದು ಎಣಿಸಿ, ಬ್ಯಾಚ್ ಸಂಖ್ಯೆ ಕಾಣುವಂತೆ ಫೋಟೊ ತೆಗೆಯಿರಿ. ಯಾರು ಕೇಳಿದರೂ ಮೂಲ ಚೀಟಿ ಕೊಡಬೇಡಿ, ಜೆರಾಕ್ಸ್ ಕೊಡಿ. ಆಸ್ಪತ್ರೆಯೊಳಗೆ ಆದ ತಪ್ಪಾದರೆ ಕೇಸ್ ಶೀಟ್ ಜೊತೆಗೆ ಡ್ರಗ್ ಚಾರ್ಟ್ ಬೇಕೆಂದು ಲಿಖಿತವಾಗಿ ಕೇಳಿ. ಡಿಸ್ಚಾರ್ಜ್ ಸಮ್ಮರಿ ಇದೆಯಲ್ಲ ಎಂದು ಸುಮ್ಮನಾಗಬೇಡಿ. ಅದು ಕೊನೆಗೆ ಕೂತು ಬರೆದ ಸಾರಾಂಶ. ಯಾವ ಡೋಸ್ ಯಾವ ಗಂಟೆಗೆ ಯಾರು ಕೊಟ್ಟರು ಎಂಬುದು ಇರುವುದು ನರ್ಸ್ ಸಹಿ ಹಾಕುವ ಆ ಚಾರ್ಟಿನಲ್ಲಿ.

ಇನ್ನು ತಪ್ಪು ಯಾರದು? ಬರೆದವರದೇ, ಕೊಟ್ಟವರದೇ, ಚುಚ್ಚಿದವರದೇ? ಒಬ್ಬರದೇ ಆಗಿರಬೇಕೆಂದಿಲ್ಲ. 1980ರ ದಶಕದಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದು ಇದಕ್ಕೆ ಒಳ್ಳೆಯ ಉದಾಹರಣೆ. ಎದೆಯ ಸೋಂಕಿಗೆಂದು ವೈದ್ಯರು 'ಅಮಾಕ್ಸಿಲ್' ಎಂಬ ಆ್ಯಂಟಿಬಯಾಟಿಕ್ ಬರೆದಿದ್ದರು. ಕೋಳಿ ಕೆದಕಿದಂಥ ಆ ಅಕ್ಷರವನ್ನು ಫಾರ್ಮಸಿಸ್ಟ್ 'ಡಯೋನಿಲ್' ಎಂದು ಓದಿದರು. ಅದು ಸಕ್ಕರೆ ಕಾಯಿಲೆಯ ಮಾತ್ರೆ. ರೋಗಿಯ ರಕ್ತದ ಸಕ್ಕರೆ ಕುಸಿದು ಮಿದುಳಿಗೆ ಶಾಶ್ವತ ಹಾನಿಯಾಯಿತು. ಅಕ್ಷರ ಕೆಟ್ಟದಾಗಿದ್ದುದಕ್ಕೆ ವೈದ್ಯರ ಮೇಲೆ ಶೇ 25ರಷ್ಟು ಹೊಣೆ ಬಿತ್ತು, ಉಳಿದ ಶೇ 75 ಫಾರ್ಮಸಿಸ್ಟ್ ಪಾಲಿಗೆ. ಅವರಿಗೇಕೆ ಅಷ್ಟು? ಚೀಟಿಯಲ್ಲಿದ್ದ ಡೋಸ್, ದಿನಕ್ಕೆ ಮೂರು ಸಲ ಎಂಬ ಸೂಚನೆ ಡಯೋನಿಲ್‌ಗೆ ಹೊಂದುತ್ತಲೇ ಇರಲಿಲ್ಲ. ಸಾಲದ್ದಕ್ಕೆ ರೋಗಿ ದುಡ್ಡು ಕೊಟ್ಟು ಔಷಧ ಪಡೆದಿದ್ದರು. ಅಲ್ಲಿ ಸಕ್ಕರೆ ಕಾಯಿಲೆಯವರಿಗೆ ಔಷಧ ಉಚಿತ. ಇಷ್ಟೆಲ್ಲ ಕಣ್ಣೆದುರಿಗಿದ್ದಾಗ ಒಂದು ಫೋನ್ ಮಾಡಿ ಕೇಳಬೇಕಿತ್ತು ಎಂಬುದೇ ವಾದ. ನಿಮ್ಮ ಚೀಟಿಯನ್ನೂ ಇದೇ ಕಣ್ಣಿನಿಂದ ನೋಡಿ: ಎಲ್ಲಿ ಅನುಮಾನ ಬರಬೇಕಿತ್ತು, ಯಾರಿಗೆ ಬರಬೇಕಿತ್ತು?

ತಪ್ಪು ಸಾಬೀತಾದ ಮಾತ್ರಕ್ಕೆ ಪರಿಹಾರ ಸಿಗುವುದಿಲ್ಲ. ಹೆಚ್ಚಿನ ಕೇಸುಗಳು ಮುಗ್ಗರಿಸುವುದು ಇಲ್ಲೇ ಎಂಬುದು ನನ್ನ ಎಣಿಕೆ. ಆದ ಹಾನಿ ಆ ತಪ್ಪಿನಿಂದಲೇ ಆದದ್ದು, ಮೂಲ ಕಾಯಿಲೆಯಿಂದಲ್ಲ ಎಂದು ತೋರಿಸಬೇಕು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆಯನ್ನೇ ನೋಡಿ. ವಾರಕ್ಕೊಮ್ಮೆ ನುಂಗಬೇಕಾದ್ದು. ಚೀಟಿಯಲ್ಲಿ 'ದಿನಕ್ಕೊಮ್ಮೆ' ಎಂದಾಗಿಬಿಟ್ಟರೆ ಬಾಯಿ ಹುಣ್ಣಾಗುತ್ತದೆ, ರಕ್ತಕಣಗಳು ಕುಸಿಯುತ್ತವೆ, ಪ್ರಾಣವೂ ಹೋಗಬಹುದು. ತಪ್ಪಿಗೆ ಮುಂಚಿನ ಒಂದು ರಕ್ತಪರೀಕ್ಷೆ, ನಂತರದ ಒಂದು ರಕ್ತಪರೀಕ್ಷೆ ಅಕ್ಕಪಕ್ಕ ಇಟ್ಟರೆ ಅರ್ಧ ವಾದ ಮುಗಿದಂತೆ. ಇದನ್ನು ಬಾಯಿ ಬಿಟ್ಟು ಹೇಳಲು ಅದೇ ವಿಭಾಗದ ಸ್ವತಂತ್ರ ತಜ್ಞರೊಬ್ಬರ ಲಿಖಿತ ಅಭಿಪ್ರಾಯ ಬೇಕು. ಹಾಗೆಯೇ ಅಡ್ಡಪರಿಣಾಮ ಬೇರೆ, ತಪ್ಪು ಬೇರೆ. ಸರಿಯಾದ ಔಷಧ, ಸರಿಯಾದ ಡೋಸ್‌ನಲ್ಲಿ ಕೊಟ್ಟೂ ಮೈಯೆಲ್ಲ ದದ್ದು ಎದ್ದರೆ ಅದು ಸಾಮಾನ್ಯವಾಗಿ ದೂರು ಕೊಡುವಂಥದ್ದಲ್ಲ. ಪೆನಿಸಿಲಿನ್ ಅಲರ್ಜಿ ಎಂದು ಫೈಲಿನ ಮೇಲೇ ಬರೆದಿದ್ದರೂ ಅದನ್ನೇ ಕೊಟ್ಟಿದ್ದರೆ ಆ ಮಾತೇ ಬೇರೆ.

ಗಡುವು ಮರೆಯಬೇಡಿ. ಭಾರತದಲ್ಲಿ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ 2 ವರ್ಷ, ಇಂಗ್ಲೆಂಡಿನಲ್ಲಿ ಹಾನಿಯಾದ ಅಥವಾ ಅದು ಅರಿವಿಗೆ ಬಂದ ದಿನದಿಂದ ಸಾಮಾನ್ಯವಾಗಿ 3 ವರ್ಷ. ನ್ಯೂಜಿಲೆಂಡಿನ ರೀತಿಯೇ ಬೇರೆ: ಅಲ್ಲಿ ಚಿಕಿತ್ಸೆಯಿಂದಾದ ಹಾನಿಗೆ ಯಾರ ತಪ್ಪು ಎಂದು ಸಾಬೀತುಪಡಿಸದೆಯೇ ಸರ್ಕಾರಿ ವ್ಯವಸ್ಥೆಯಿಂದ ಪರಿಹಾರ ಕೇಳಬಹುದು. ನಿಮ್ಮಲ್ಲಿ ಯಾವ ನಿಯಮ ಎಂದು ವಕೀಲರ ಮೊದಲ ಭೇಟಿಯಲ್ಲೇ ಕೇಳಿಬಿಡಿ.

ಪರಿಹಾರದ ಲೆಕ್ಕದಲ್ಲಿ ಆಸ್ಪತ್ರೆಯ ಬಿಲ್ಲಷ್ಟೇ ಅಲ್ಲ, ತಪ್ಪಿದ ಸಂಬಳ, ಪಕ್ಕದಲ್ಲಿ ಕೂತು ನೋಡಿಕೊಂಡವರ ದುಡಿಮೆ, ಮುಂದಿನ ಚಿಕಿತ್ಸೆ, ಅನುಭವಿಸಿದ ನೋವು ಎಲ್ಲ ಸೇರಬಹುದು. ಎದುರು ಪಕ್ಷ ರಾಜಿಗೆ ಬಂದರೆ ಕಾಗದವನ್ನು ಕೊನೆಯ ಸಾಲಿನವರೆಗೂ ಓದಿ. 'ಪೂರ್ಣ ಮತ್ತು ಅಂತಿಮ ಇತ್ಯರ್ಥ' ಎಂದಿದ್ದರೆ ಆರು ತಿಂಗಳ ನಂತರ ಕಿಡ್ನಿ ಕೈಕೊಟ್ಟರೂ ಮತ್ತೆ ಕೇಳಲು ಬಹುಶಃ ದಾರಿ ಇರುವುದಿಲ್ಲ. ದೇಹದ ಸ್ಥಿತಿ ಒಂದು ಹದಕ್ಕೆ ಬರುವ ಮುನ್ನ ಆ ಕಾಗದಕ್ಕೆ ಸಹಿ ಹಾಕಬೇಡಿ.