ರೇಸಿಗೆ ಮುನ್ನ ಈಜುಡುಗೆಯ ಮುದ್ರೆ ನೋಡಿ

ಹೊಸ ರೇಸಿಂಗ್ ಸೂಟ್ ಕೈಗೆ ಸಿಕ್ಕ ಕೂಡಲೇ ತೊಟ್ಟು ನೋಡುವ ಆತುರ ಎಲ್ಲರಿಗೂ ಇರುತ್ತದೆ. ಅದಕ್ಕೂ ಮೊದಲು ಅದನ್ನು ತಿರುಗಿಸಿ ಹಿಂಬದಿ ನೋಡಿ. ಅನುಮೋದಿತ ಸೂಟ್ ಆದರೆ ಅಲ್ಲಿ ಮುದ್ರೆ ಇರುತ್ತದೆ, ಅದರಲ್ಲೊಂದು ಕೋಡ್ ಇರುತ್ತದೆ. ‘ಫಿನಾ’ ಎಂಬ ಹಳೆಯ ಹೆಸರು ಕಂಡರೆ ಗಾಬರಿಯಾಗಬೇಡಿ. ಜಗತ್ತಿನ ಈಜು ಸ್ಪರ್ಧೆಗಳ ನಿಯಮ ರೂಪಿಸುವ ವರ್ಲ್ಡ್ ಅಕ್ವಾಟಿಕ್ಸ್ ಸಂಸ್ಥೆಯ ಹಿಂದಿನ ಹೆಸರೇ ಅದು. ಕೋಡನ್ನೂ ಮಾದರಿಯ ಹೆಸರನ್ನೂ ಸಂಸ್ಥೆಯ ಜಾಲತಾಣದಲ್ಲಿರುವ ಅನುಮೋದಿತ ಪಟ್ಟಿಯೊಂದಿಗೆ ತಾಳೆ ಹಾಕಿ. ಹೆಸರಾಂತ ಕಂಪನಿಯದು ಎಂದು ಈ ಕೆಲಸ ಬಿಡಬೇಡಿ. ಅನುಮೋದನೆ ಕೊಡುವುದು ಒಂದೊಂದು ಮಾದರಿಗೆ, ಹಾಗಾಗಿ ಅದೇ ಕಂಪನಿಯ ಅಭ್ಯಾಸದ ಸೂಟಿಗೆ ಮುದ್ರೆ ಇಲ್ಲದೇ ಇರಬಹುದು.

ಇನ್ನು ಅಳತೆ. ಕೊಳದ ಸ್ಪರ್ಧೆಯಲ್ಲಿ ಪುರುಷರ ಸೂಟ್ ಹೊಕ್ಕುಳಿನ ಮೇಲೆ ಹೋಗಬಾರದು, ಮಂಡಿಯ ಕೆಳಗೆ ಇಳಿಯಬಾರದು. ಮಹಿಳೆಯರದು ಕತ್ತು ಮುಚ್ಚಬಾರದು, ಭುಜ ದಾಟಬಾರದು, ಮಂಡಿಯ ಕೆಳಗೆ ಬರಬಾರದು. ಎಡವಟ್ಟಾಗುವುದು ಹೆಚ್ಚಾಗಿ ಕುಳ್ಳಗಿರುವ ಮಕ್ಕಳ ವಿಷಯದಲ್ಲಿ: ಸೊಂಟಕ್ಕೆ ಸರಿಹೊಂದುವ ಸೈಜು ತಂದರೆ ಕಾಲಿನ ಅಂಚು ಮಂಡಿಚಿಪ್ಪು ದಾಟಿಬಿಡುತ್ತದೆ. ಪೂರ್ತಿ ಮೇಲಕ್ಕೆಳೆದು, ನೆಟ್ಟಗೆ ನಿಲ್ಲಿಸಿ ನೋಡಿ.

ಜಿಪ್ ಇರುವಂತಿಲ್ಲ, ಜಾಮರಿನ (ಸೊಂಟದಿಂದ ಮಂಡಿಯವರೆಗಿನ ಪುರುಷರ ಬಿಗಿ ಸೂಟ್) ಸೊಂಟದ ದಾರಕ್ಕೆ ಅಡ್ಡಿಯಿಲ್ಲ. ಒಂದರ ಮೇಲೊಂದು ಎರಡು ಸೂಟ್ ತೊಡುವಂತಿಲ್ಲ. ಗಾಯಕ್ಕೆ ಟೇಪ್ ಸುತ್ತಿದ್ದರೆ ರೆಫರಿಯನ್ನು ಮೊದಲೇ ಕಂಡು ಒಪ್ಪಿಗೆ ಪಡೆಯಿರಿ.

ಇಷ್ಟು ಕಟ್ಟುನಿಟ್ಟಿಗೆ ಬಲವಾದ ಕಾರಣವಿದೆ. 2008ರಲ್ಲಿ ಪಾಲಿಯುರೆಥೇನ್ (ರಬ್ಬರಿನಂಥ ಪ್ಲಾಸ್ಟಿಕ್) ತುಂಡುಗಳಿದ್ದ ಸ್ಪೀಡೋ ಕಂಪನಿಯ ಎಲ್‌ಝಡ್‌ಆರ್ ರೇಸರ್ ಸೂಟ್ ಬಂತು, ಮರುವರ್ಷ ಪೂರ್ತಿ ಪಾಲಿಯುರೆಥೇನಿನ ಸೂಟುಗಳೇ ಬಂದವು. ಅವು ಮೈಯನ್ನು ಬಿಗಿದು ಹಿಡಿದು, ನೀರಿನಲ್ಲಿ ಮೇಲಕ್ಕೆತ್ತಿ ತೇಲಿಸುತ್ತಿದ್ದವು. 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಒಂದರಲ್ಲೇ 43 ವಿಶ್ವದಾಖಲೆಗಳು ಬಿದ್ದವು. ಅಲ್ಲಿ 400 ಮೀಟರ್ ಫ್ರೀಸ್ಟೈಲ್‌ನಲ್ಲಿ ಪಾಲ್ ಬೀಡರ್‌ಮನ್ ಬರೆದ 3:40.07 ಅಳಿಯಲು 2025ರವರೆಗೆ ಕಾಯಬೇಕಾಯಿತು. 2010ರ ಜನವರಿ 1ರಿಂದ ನೇಯ್ದ ಬಟ್ಟೆಯ ಸೂಟಿಗೆ ಮಾತ್ರ ಅವಕಾಶ. ಬಟ್ಟೆಯ ದಪ್ಪ 0.8 ಮಿಲಿಮೀಟರ್ ಮೀರಬಾರದು, ಅದು ನೀರಿನಲ್ಲಿ ಮೇಲಕ್ಕೆತ್ತುವ ಬಲ 0.5 ನ್ಯೂಟನ್ ದಾಟಬಾರದು. 2008-09ರ ಆ ಸೂಟ್ ಯಾರಾದರೂ ಅಗ್ಗಕ್ಕೆ ಮಾರಲು ಬಂದರೆ ಕೊಳ್ಳಬೇಡಿ.

ಅನುಮೋದನೆ ಇರುವುದು ಕಾರ್ಖಾನೆಯಿಂದ ಹೊರಬಂದ ಸ್ಥಿತಿಯ ಸೂಟಿಗೆ. ಉದ್ದವಾಯಿತೆಂದು ಕತ್ತರಿಸಿ ಹೊಲಿದರೆ, ನೀರು ಹಿಡಿಯದ ಸ್ಪ್ರೇ ಹೊಡೆದರೆ ಅನುಮೋದನೆ ಉಳಿಯದು. ತುರಿಕೆಯೆಂದು ಮುದ್ರೆಯನ್ನು ಕೆರೆದು ತೆಗೆಯುವವರೂ ಇದ್ದಾರೆ. ಆಮೇಲೆ ಅಧಿಕಾರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ.

ತೊಡುವುದಕ್ಕೆ 20 ನಿಮಿಷವಾದರೂ ಇಟ್ಟುಕೊಳ್ಳಿ. ಮೈ ಪೂರ್ತಿ ಒಣಗಿರಲಿ, ಎಣ್ಣೆ ಲೋಷನ್ ಬೇಡ. ಪಾದಕ್ಕೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ. ಮೊದಲು ಎರಡೂ ಕಾಲಿನ ಅಂಚನ್ನು ಮಂಡಿಯ ಮೇಲೆ ಕೂರಿಸಿ, ನಂತರ ಬೆರಳಿನ ಮೆತ್ತೆಯಿಂದ ಬಟ್ಟೆಯನ್ನು ಸ್ವಲ್ಪಸ್ವಲ್ಪವೇ ತೊಡೆಯ ಮೇಲಕ್ಕೆ ಸರಿಸುತ್ತಾ ಹೋಗಿ. ತೊಡೆಯಲ್ಲಿ ಸಾಕಷ್ಟು ಬಟ್ಟೆ ಏರಿಸದೆ ಸೊಂಟದ ಪಟ್ಟಿ ಹಿಡಿದು ಜಗ್ಗಿದರೆ ಹೊಲಿಗೆ ಬಾಯಿ ಬಿಡುತ್ತದೆ. ಉಗುರು ನಾಟಿದರೆ ಬಟ್ಟೆ ಸೀಳುತ್ತದೆ. ಮುದ್ರೆ ಇರುವ ಇನ್ನೊಂದು ಸೂಟ್, ಹಳೆಯದಾದರೂ ಸರಿ, ಬ್ಯಾಗಿನಲ್ಲಿರಲಿ.

ರೇಸ್ ಮುಗಿದ ಮೇಲೆ ತಣ್ಣೀರಿನಲ್ಲಿ ಜಾಲಿಸಿ, ಹಿಂಡದೆ ನೆರಳಲ್ಲಿ ಹರಡಿ.

ನದಿ, ಸಮುದ್ರದ ಸ್ಪರ್ಧೆಗೆ ಲೆಕ್ಕ ಬೇರೆ. ಅಲ್ಲಿ ಸೂಟ್ ಕಣಕಾಲಿನವರೆಗೂ ಇರಬಹುದು. ವೆಟ್‌ಸೂಟ್ (ಮೈ ಬೆಚ್ಚಗಿಡುವ ದಪ್ಪ ರಬ್ಬರ್ ಸೂಟ್) ವಿಷಯದಲ್ಲಿ ನೀರಿನ ಉಷ್ಣಾಂಶವೇ ತೀರ್ಮಾನಿಸುತ್ತದೆ: 18 ಡಿಗ್ರಿಗಿಂತ ಕಡಿಮೆಯಿದ್ದರೆ ಕಡ್ಡಾಯ, 18ರಿಂದ 20ರೊಳಗೆ ಈಜುಗಾರರ ಇಷ್ಟ, 20 ಮುಟ್ಟಿದರೆ ನಿಷಿದ್ಧ. ಅಂಚಿನ ಉಷ್ಣಾಂಶದ ಊರಿಗೆ ಹೊರಟಾಗ ಎರಡನ್ನೂ ಒಯ್ಯಿರಿ.