ಕಾಫಿ ಕಂಪನಿಯನ್ನು ನಮ್ಮ ಕಣದವರೆಗೆ ಕರೆತರುವುದು ಹೇಗೆ?

ಕೊಡಗಿನ ಸಿದ್ದಾಪುರದ ಹತ್ತಿರ ನಾನು ಸಣ್ಣ ಬೆಳೆಗಾರರಿಂದ ರೊಬಸ್ಟಾ ಕಾಫಿಯ ಚೆರ್ರಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಕೊಂಡು ಕಂಪನಿಗಳಿಗೆ ಕೊಡುತ್ತೇನೆ. "ಬೂಷ್ಟು ಬರದ ಹಾಗೆ ನೋಡ್ಕೊಳ್ಳಿ" ಅಂತ ಎಲ್ಲರೂ ಹೇಳುತ್ತಾರೆ. ಕಣದಲ್ಲಿ ಹಣ್ಣು ಒಣಗಿಸುವ ಟಾರ್ಪಾಲಿನ ಖರ್ಚು ಮಾತ್ರ ನಮ್ಮದು! ಅವರೂ ಕೈ ಜೋಡಿಸಬೇಕಾದರೆ ನಮ್ಮ ಕಷ್ಟ ಹೇಳಿಕೊಂಡು ಪ್ರಯೋಜನವಿಲ್ಲ. ನಮ್ಮದೇ ಕಾಫಿ ಕುಡಿಸಿ ಕಳಿಸುತ್ತಾರೆ, ಅಷ್ಟೇ. ಅವರ ತಲೆನೋವಿನಿಂದ ಮಾತು ಶುರು ಮಾಡಿ.

ಬೂಷ್ಟಿನಿಂದ ಓಕ್ರಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಹುರಿದ ಕಾಫಿಯಲ್ಲಿ ಅದು ಕಿಲೋಗೆ 5 ಮೈಕ್ರೋಗ್ರಾಂ ದಾಟಬಾರದು ಎಂದಿದ್ದ ಯುರೋಪ್, 2023ರ ಜನವರಿಯಿಂದ ಆ ಮಿತಿಯನ್ನು 3ಕ್ಕೆ ಇಳಿಸಿದೆ. ಹುರಿದರೂ ಇದು ಪೂರ್ತಿ ಹೋಗುವುದಿಲ್ಲ. ಡಿಸೆಂಬರಿನಲ್ಲಿ ಮಳೆ ಬಂದು ಹಣ್ಣು ರಾಶಿಯಲ್ಲೇ ಬೆಚ್ಚಗಾದರೆ, ಆಮೇಲೆ ಎಂಥ ಮೆಷಿನ್ನಿಗೆ ಹಾಕಿದರೂ ಕಷ್ಟವೇ. ಅಂದರೆ ಅದನ್ನು ತಡೆಯುವ ಜಾಗ ನಮ್ಮ ಕಣ. ಇಷ್ಟು ಹೇಳಿದರೆ ಕ್ವಾಲಿಟಿ ಮ್ಯಾನೇಜರ್ ಕಿವಿ ನೆಟ್ಟಗಾಗುತ್ತದೆ.

ದೇಶದೊಳಗೆ ಮಾರುವ ಕಂಪನಿಗಳಿಗೆ ಕಾನೂನಿನ ಚಿಂತೆ. 2006ರ ಆಹಾರ ಸುರಕ್ಷತಾ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ಬೇಕಾದ ಎಚ್ಚರಿಕೆ ಎಲ್ಲ ತೆಗೆದುಕೊಂಡಿದ್ದೆ ಎಂದು ತೋರಿಸಿದರೆ ಕೇಸಿನಲ್ಲಿ ರಕ್ಷಣೆ ಸಿಗಬಹುದು. ತೋರಿಸಲು ಕಾಗದ ಬೇಡ್ವಾ? ಯಾರ ತೋಟದ್ದು, ಯಾವತ್ತು ಹರವಿದ್ದು, ಚೀಲಕ್ಕೆ ತುಂಬುವಾಗ ತೇವ ಎಷ್ಟು (ಚೆರ್ರಿಗೆ ಶೇ. 11 ದಾಟಬಾರದು) ಎಂದು ಪುಸ್ತಕದಲ್ಲಿ ಬರೆದಿಡಿ. ಲೋಡ್ ಜೊತೆ ಜೆರಾಕ್ಸ್ ಕಳಿಸಿ.

ಬದಲಿಗೆ ಏನು ಕೇಳಬೇಕು? ಜಾಸ್ತಿ ರೇಟನ್ನು ಮೊದಲೇ ಕೇಳಬೇಡಿ, ಮಾತು ಅಲ್ಲೇ ನಿಲ್ಲುತ್ತದೆ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ಕೇಳಿ. ಪ್ರತಿ ಲೋಡಿನ ಲ್ಯಾಬ್ ರಿಪೋರ್ಟ್ ಕೇಳಿ. ಒಂದು ಕಂಪನಿಯವರು ಫೋನಿನಲ್ಲಿ "ಫೇಲ್" ಎಂದು ಇಟ್ಟುಬಿಟ್ಟರು. ಯಾವುದರಲ್ಲಿ ಫೇಲ್, ಎಷ್ಟು ಅಂತ ಗೊತ್ತಾಗದೆ ನಾನು ಯಾವ ಬೆಳೆಗಾರರ ಮನೆಗೆ ಹೋಗಲಿ? ಈಗ ರೇಟ್ ಮಾತಾಡುವಾಗಲೇ ರಿಪೋರ್ಟ್ ಮಾತೂ ಆಗಿಬಿಡಬೇಕು.

ಹೊಡೆಯಬಾರದ ಔಷಧಿಗಳ ಪಟ್ಟಿಯನ್ನು ಕನ್ನಡದಲ್ಲೇ ಕೊಡಲು ಹೇಳಿ. ಸುಂಟಿಕೊಪ್ಪ, ಸೋಮವಾರಪೇಟೆ ಕಡೆ ಅರೇಬಿಕಾ ಕಾಫಿ ಬೆಳೆಯುವವರಿಗೆ ಇದು ಬಹಳ ಮುಖ್ಯ. ಅರೇಬಿಕಾ ಗಿಡಕ್ಕೆ ಬೀಳುವ ಕಾಂಡಕೊರಕ ಹುಳಕ್ಕೆ ಹಿಂದಿನಿಂದ ಹೊಡೆಯುತ್ತಿದ್ದ ಕ್ಲೋರ್‌ಪೈರಿಫಾಸ್‌ಗೆ ಯುರೋಪಿನಲ್ಲಿ 2020ರಿಂದ ಅನುಮತಿಯೇ ಇಲ್ಲ. ಪಟ್ಟಿ ಅಕ್ಟೋಬರ್‌ಗೆ ಮೊದಲು ಕೈಗೆ ಬರಬೇಕು. ಹೊಡೆದಾದ ಮೇಲೆ ಬಂದರೆ ಸುಮ್ನೆ ಗೋಡೆಗೆ ಅಂಟಿಸಬೇಕಷ್ಟೇ.

ಹೋಗುವುದಾದರೆ ಸೆಪ್ಟೆಂಬರಿನಲ್ಲೇ, ಅಕ್ಕಪಕ್ಕದ ಬೆಳೆಗಾರರನ್ನು ಸೇರಿಸಿಕೊಂಡು ಹೋಗಿ. ಹತ್ತು ಚೀಲದವರ ಮಾತನ್ನು ಯಾರೂ ಕೇಳಲ್ಲ. ಬೆಳೆ ಕಡಿಮೆ ಇರುವ ವರ್ಷ ಕಂಪನಿಗೂ ಮಾಲು ಕೈತಪ್ಪುವ ಭಯ, ಆಗ ಬೇಗ ಒಪ್ಪುತ್ತಾರೆ. ಮೀಟರ್ ಕೊಟ್ಟರೆ ಅದನ್ನು ವರ್ಷಕ್ಕೊಮ್ಮೆ ಸರಿ ಮಾಡಿಸುವವರು ಯಾರು ಎಂದು ಆಗಲೇ ಬರೆಸಿಕೊಳ್ಳಿ. ಇಲ್ಲದಿದ್ದರೆ ನಿಮ್ಮ ಮೀಟರ್ 11 ತೋರಿಸುತ್ತದೆ, ಅವರದು 12 ತೋರಿಸುತ್ತದೆ, ಲಾರಿ ಕುಶಾಲನಗರದ ಕಂಪನಿ ಗೇಟಿನಲ್ಲಿ ನಿಂತಿರುತ್ತದೆ.